ಮಂಗಳೂರಲ್ಲಿ ಒಂದೇ ದಿನ, ಅಮ್ಮನ ಜೊತೆ. ಓಡಾಟ ಬೇಡ, ಎಲ್ಲಿಗೆ ಹೋಗಲಿ?

ತೆಂಗಿನ ತೋಟ
ಎಲ್ಲರಿಗೂ ನಮಸ್ಕಾರ. ನಾವು ತಿಪಟೂರು ಕಡೆಯವರು. ಜನವರಿ ಎರಡನೇ ವಾರ ಧರ್ಮಸ್ಥಳಕ್ಕೆ ಹೋಗುವುದಿದೆ. ಅಲ್ಲಿಂದ ಸಂಜೆ ಮಂಗಳೂರಿಗೆ ಬಂದು ಉಳಿದು, ಮಾರನೇ ದಿನ ಪೂರ್ತಿ ಅಮ್ಮನಿಗೆ ಊರು ತೋರಿಸಿ, ರಾತ್ರಿ ಬಸ್ ಹತ್ತುವುದು ನನ್ನ ಲೆಕ್ಕ. ಅಮ್ಮನಿಗೆ 68 ವರ್ಷ, ಮಂಡಿ ನೋವಿದೆ. ನಿಧಾನಕ್ಕೆ ನಡೆಯುತ್ತಾರೆ, ಆದರೆ ಮೆಟ್ಟಿಲು ಜಾಸ್ತಿ ಆದರೆ ಕಷ್ಟ. ನಾವು ಸಸ್ಯಾಹಾರಿಗಳು.

ಇನ್ನೊಂದು ವಿಷಯ. ಅಮ್ಮ ಪ್ರೈಮರಿ ಶಾಲೆಯಲ್ಲಿ ಟೀಚರ್ ಆಗಿದ್ದವರು. ನಮ್ಮ ಹಳೇ ಮನೆಗೆ ಮಂಗಳೂರು ಹೆಂಚೇ ಇರುವುದು. ಹೋದ ವರ್ಷ ರೀಪು ಬದಲಾಯಿಸಲು ಹೆಂಚು ಇಳಿಸಿದಾಗ ಕೆಲವದರ ಹಿಂದೆ ಇಂಗ್ಲಿಷ್ ಅಕ್ಷರದಲ್ಲಿ ಬಾಸೆಲ್ ಮಿಷನ್ ಅಂತ, 1865 ಅಂತ ಅಚ್ಚು ಇತ್ತು. ಅಮ್ಮ ಒಂದನ್ನು ತೊಳೆದು ತುಳಸಿ ಕಟ್ಟೆ ಪಕ್ಕ ಒರಗಿಸಿ ಇಟ್ಟುಕೊಂಡಿದ್ದಾರೆ. 'ಈ ಹೆಂಚು ಹೊರಟ ಜಾಗ ನೋಡಬೇಕು' ಅನ್ನುವುದು ಅವರ ಆಸೆ. ಸಮುದ್ರ ಹೇಗೂ ಬೇಕೇ ಬೇಕು. ಏನು ಮಾಡಬಹುದು ಹೇಳಿ.

ಬೈಕ್ ಸವಾರ
ಬೆಳಗ್ಗೆ 6ಕ್ಕೆ ಕದ್ರಿ, 7ಕ್ಕೆ ಮಂಗಳಾದೇವಿ, 8ಕ್ಕೆ ಕುದ್ರೋಳಿ, ಆಮೇಲೆ ಅಲೋಶಿಯಸ್ ಕಾಲೇಜಿನ ಚಾಪೆಲ್ (ಚರ್ಚು), ಸುಲ್ತಾನ್ ಬತ್ತೇರಿ, ಊಟ ಮುಗಿಸಿ ಪಿಲಿಕುಳ, ಅಲ್ಲಿಂದ ಪಣಂಬೂರು ಬೀಚ್, ಸಂಜೆ ಉಳ್ಳಾಲ, ರಾತ್ರಿ ಐಸ್‌ಕ್ರೀಮ್. ಒಂದು ಕಾರು ಮಾಡಿಕೊಂಡರೆ ಎಲ್ಲಾ ಆಗುತ್ತದೆ. ನಾನು ಹೋದ ವರ್ಷ ಮಾಡಿದ್ದೇನೆ.

ಕುಡ್ಲದ ಹುಡುಗಿ
ಮಾರಾಯ್ರೇ, ಅವರು ಕೇಳಿದ್ದು 68 ವರ್ಷದ ಅಮ್ಮನಿಗೆ! ಪಣಂಬೂರು ಉತ್ತರಕ್ಕೆ, ಉಳ್ಳಾಲ ದಕ್ಷಿಣಕ್ಕೆ. ನಡುವೆ ಪಂಪ್‌ವೆಲ್ ದಾಟಬೇಕು. ಸಂಜೆ ಆ ಟ್ರಾಫಿಕ್‌ನಲ್ಲಿ ಕಾರಿನೊಳಗೆ ಕೂತು ಅಮ್ಮ ನೋಡುವುದು ಎಂತ? ಪಿಲಿಕುಳ ಒಂದಕ್ಕೇ ಅರ್ಧ ದಿನ ಬೇಕು. ಮೃಗಾಲಯ ಇದೆ, ತಾರಾಲಯ ಇದೆ, ಗುತ್ತಿನ ಮನೆ ಇದೆ. ಅದನ್ನು ಇನ್ನೊಂದು ಸಲಕ್ಕೆ ಇಟ್ಟುಕೊಳ್ಳಿ.

ನನ್ನ ಮಾತು ಕೇಳುವುದಾದರೆ ಹಂಪನಕಟ್ಟೆಯಿಂದ ನದಿವರೆಗಿನ ಜಾಗ ಮಾತ್ರ ಇಟ್ಟುಕೊಳ್ಳಿ. ಚಾಪೆಲ್, ಬಂದರು, ದೋಣಿಯಲ್ಲಿ ಆಚೆ ದಡ, ಸಂಜೆ ಕಡಲು. ಅಷ್ಟೇ. ನಡುವೆ ಒಂದು ಒಳ್ಳೆಯ ಊಟ, ಒಂದು ಗಂಟೆ ನಿದ್ದೆ.

ಬೈಕ್ ಸವಾರ
ಒಂದೇ ದಿನ ಇದೆ ಅಂದಾಗ ಜಾಸ್ತಿ ನೋಡಬೇಕು ಅನ್ನಿಸುವುದು ಸಹಜ ಅಲ್ವಾ? ಮತ್ತೆ ಯಾವಾಗ ಬರುತ್ತಾರೋ ಏನೋ. ಕದ್ರಿ ಬಿಟ್ಟು ಮಂಗಳೂರು ನೋಡಿದೆ ಅನ್ನಲು ಆಗುತ್ತದಾ?

ಓದುಗಪ್ಪ
ಕದ್ರಿ ಬಗ್ಗೆ ಸವಾರರ ಮಾತು ಸರಿ. ಅಲ್ಲಿರುವ ಲೋಕೇಶ್ವರನ ಕಂಚಿನ ಮೂರ್ತಿ ಬರೀ ದೇವರು ಅಂತ ಕೈಮುಗಿದು ಬರುವಂಥದ್ದಲ್ಲ. ಪೀಠದ ಮೇಲೆ ಶಾಸನ ಇದೆ. ತುಳುನಾಡು ಆಳಿದ ಆಳುಪರ ರಾಜ ಕುಂದವರ್ಮ ಮಾಡಿಸಿದ್ದು, ಇಸವಿ 968. ಸಾವಿರ ವರ್ಷ ದಾಟಿದ ಎರಕದ ಕೆಲಸ ಅದು. ಮೂರು ಮುಖ, ಆರು ಕೈ. ಹತ್ತಿರ ನಿಂತು ಮುಖದ ನುಣುಪು ನೋಡಿ. ದೇವಸ್ಥಾನದ ಅಂಗಳ ಸಮತಟ್ಟಾಗಿದೆ, ಅಮ್ಮನಿಗೆ ತೊಂದರೆ ಇಲ್ಲ. ಹಿಂದೆ ಗುಡ್ಡದ ಮೇಲಿನ ಕೆರೆಗಳಿಗೆ, ಜೋಗಿ ಮಠಕ್ಕೆ ಮಾತ್ರ ಮೆಟ್ಟಿಲು ಹತ್ತಬೇಕು. ಅದನ್ನು ಬಿಡಿ.

ಕುಡ್ಲದ ಹುಡುಗಿ
ಸರಿ, ಒಪ್ಪಿದೆ. ಕದ್ರಿ ಒಂದು ಸೇರಿಸಿ. ಆದರೆ ಬೆಳಗ್ಗೆ ಮೊದಲೇ ಮುಗಿಸಿ.

ಧಾರವಾಡದ ಫೇಡೆ
ನಾವು ಹೋದ ಮೇ ತಿಂಗಳಲ್ಲಿ ಹೋಗಿದ್ದೆವು. ಬಿಸಿಲು ನಮ್ಮ ಕಡೆಯೂ ಇದೆ ರೀ, ಆದರೆ ಅಲ್ಲಿಯ ಬೆವರು ಬೇರೆ. ಅಂಗಿ ಮೈಗೆ ಅಂಟಿಕೊಂಡು ಹತ್ತು ನಿಮಿಷಕ್ಕೆ ಭಾಳ ಸುಸ್ತಾಗುತ್ತದೆ. ಜನವರಿ ಆದರೆ ಪರವಾಗಿಲ್ಲ, ಆದರೂ ಹನ್ನೊಂದರಿಂದ ಮೂರೂವರೆ ತನಕ ಹೊರಗೆ ತಿರುಗಬೇಡಿ. ಕೊಡೆ ಇರಲಿ, ಹತ್ತಿ ಸೀರೆ ಇರಲಿ. ಮಧ್ಯೆ ಮಧ್ಯೆ ಎಳನೀರು ಕುಡಿಯಿರಿ.

ಕುಡ್ಲದ ಹುಡುಗಿ
ನಮ್ಮಲ್ಲಿ ಬೊಂಡ ಅಂತ ಕೇಳಿ. ಎಳನೀರು ಅಂದರೂ ಕೊಡುತ್ತಾರೆ. ತಿಪಟೂರಿನವರಿಗೆ ತೆಂಗಿನ ವಿಷಯ ಹೇಳುವುದು ಬೇಡ ಅನ್ನಿ, ಅದರ ಬದಲು ಪುನರ್ಪುಳಿ (ಕೋಕಂ) ಶರಬತ್ತು ಕುಡಿಸಿ ಅಮ್ಮನಿಗೆ. ಕೆಂಪಗೆ, ಹುಳಿ ಸಿಹಿಯಾಗಿ, ಬಿಸಿಲಿಗೆ ಅದಕ್ಕಿಂತ ತಂಪು ಇನ್ನೊಂದಿಲ್ಲ.

ಹೆಂಚಿನ ಮಾಡು
ಈ ಹೆಂಚಿನ ಪ್ರಶ್ನೆ ನೋಡಿ ಬರೆಯದೆ ಇರಲು ಆಗಲಿಲ್ಲ. ನನ್ನ ತಂದೆ ಹೆಂಚಿನ ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ ದುಡಿದವರು. ಮೊದಲು ಒಂದು ತಿದ್ದುಪಡಿ: ನಿಮ್ಮ ಹೆಂಚಿನ ಮೇಲಿನ 1865 ಆ ಹೆಂಚು ಸುಟ್ಟ ವರ್ಷ ಅಲ್ಲ. ಬಾಸೆಲ್ ಮಿಷನ್‌ನವರು ಇಲ್ಲಿಯ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ ವರ್ಷ. ಬಾಸೆಲ್ ಮಿಷನ್ ಅಂದರೆ ಸ್ವಿಟ್ಜರ್ಲೆಂಡಿನ ಕ್ರೈಸ್ತ ಮಿಷನರಿ ಸಂಸ್ಥೆ. ಆಮೇಲೆ ಮಾಡಿದ ಹೆಂಚಿಗೂ ಅದೇ ಇಸವಿ ಒತ್ತಿದ್ದಾರೆ. ನಿಮ್ಮದು ಅದಕ್ಕಿಂತ ಎಷ್ಟೋ ವರ್ಷ ಈಚಿನದು ಇರಬಹುದು, ಆದರೂ ಮೊದಲ ಮಹಾಯುದ್ಧಕ್ಕಿಂತ ಹಿಂದಿನದು ಅನ್ನಬಹುದು. ಯುದ್ಧದ ಹೊತ್ತಿಗೆ ಮಿಷನ್‌ನ ವ್ಯಾಪಾರವನ್ನೆಲ್ಲ ಬ್ರಿಟಿಷರು ತಮ್ಮ ಕೈಗೆ ತೆಗೆದುಕೊಂಡರು, ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್ ಪಾಲಾದವು.

ಮಿಷನ್‌ನ ಜಾರ್ಜ್ ಪ್ಲೆಬ್ಸ್ಟ್ ಎಂಬವರು ಇಲ್ಲಿಯ ಹೊಳೆ ಬದಿಯ ಜೇಡಿಮಣ್ಣು ಹದ ನೋಡಿ ಈ ಕೆಲಸ ಶುರು ಮಾಡಿದ್ದು. ಅದಕ್ಕಿಂತ ಮೊದಲು ಮಾಡಿಗೆ ಹುಲ್ಲು, ತೆಂಗಿನ ಮಡಲು (ಗರಿ), ಇಲ್ಲದಿದ್ದರೆ ಕೈಯಲ್ಲಿ ತಟ್ಟಿದ ನಾಡ ಹೆಂಚು. ಮಂಗಳೂರು ಹೆಂಚಿನ ವಿಶೇಷ ಏನೆಂದರೆ ಅದರ ಅಂಚು ಒಂದಕ್ಕೊಂದು ಕಚ್ಚಿಕೊಳ್ಳುತ್ತದೆ. ಹಾಗಾಗಿ ಗಾಳಿ ಮಳೆಗೆ ಜಾರುವುದಿಲ್ಲ, ಕಡಿಮೆ ಹೆಂಚಿನಲ್ಲಿ ಜಾಸ್ತಿ ಜಾಗ ಮುಚ್ಚುತ್ತದೆ. ನೇತ್ರಾವತಿ, ಫಲ್ಗುಣಿ ಎರಡೂ ಹೊಳೆಗಳ ಮಣ್ಣು, ಘಟ್ಟದ ಕಟ್ಟಿಗೆ, ಸಾಗಿಸಲು ದೋಣಿ ಮತ್ತು ಬಂದರು. ಎಲ್ಲಾ ಕೈಗೆಟುಕುವಷ್ಟು ಹತ್ತಿರ ಇತ್ತು. ಅದಕ್ಕೇ ಇಲ್ಲಿ ಅಷ್ಟು ಕಾರ್ಖಾನೆ ಬಂದದ್ದು.

ಈಗ ಹೆಚ್ಚಿನವು ಮುಚ್ಚಿವೆ. ಆದರೆ 'ಹೊರಟ ಜಾಗ' ಅಂತ ಅಮ್ಮ ಕೇಳಿದ್ದಾರಲ್ಲ, ಆ ಮಾತು ನನಗೆ ತುಂಬಾ ಹಿಡಿಸಿತು. ಹೆಂಚು ಹಡಗು ಹತ್ತಿದ್ದು ಹಳೆ ಬಂದರಿನಿಂದ. ಅಲ್ಲಿಯ ಗೋದಾಮುಗಳ ಮಾಡು ಇವತ್ತಿಗೂ ಹೆಂಚಿನದೇ. ಅಲ್ಲಿಗೆ ಕರೆದುಕೊಂಡು ಹೋಗಿ.

ತೆಂಗಿನ ತೋಟ
ಅಯ್ಯೋ ಎಷ್ಟು ಚೆನ್ನಾಗಿ ಹೇಳಿದಿರಿ ಸಾರ್. ಅಮ್ಮನಿಗೆ ಓದಿ ಹೇಳಿದೆ. 1865 ಬಗ್ಗೆ ಕೇಳಿ ಸ್ವಲ್ಪ ಹೊತ್ತು ಸುಮ್ಮನಾದರು. ಆಮೇಲೆ 'ಆದರೂ ನಮ್ಮ ಮನೆಗಿಂತ ಹಳೇದೇ' ಅಂದರು.

ದಕ್ಕೆ ಬದಿ
ಹಳೆ ಬಂದರಿಗೆ ಹೋಗುವುದಾದರೆ ಬೆಳಗ್ಗೆ ಬೇಗ ದಕ್ಕೆಗೂ (ಮೀನುಗಾರಿಕೆ ಬಂದರು) ಬನ್ನಿ. ಐದೂವರೆ ಆರಕ್ಕೆ ಬೋಟ್‌ಗಳು ಸಾಲಾಗಿ ನಿಂತಿರುತ್ತವೆ. ಬಂಗುಡೆ, ಬೂತಾಯಿ, ಅಂಜಲ್, ಬೊಂಡಾಸ್ ಬುಟ್ಟಿ ಬುಟ್ಟಿ ಇಳಿಯುತ್ತದೆ. ಏಲಂ ಕೂಗುವುದು ಕೇಳಲೇಬೇಕು. ಮಂಗಳೂರು ಎಚ್ಚರ ಆಗುವುದೇ ಅಲ್ಲಿಂದ.

ಹಾಸನದ ಅಕ್ಕ
ಅವರು ಸಸ್ಯಾಹಾರಿಗಳು ಅಂತ ಮೊದಲೇ ಬರೆದಿದ್ದಾರೆ. ವಯಸ್ಸಾದ ಅಮ್ಮನನ್ನು ಬೆಳಗಾಗೆದ್ದು ಮೀನು ವಾಸನೆಗೆ ಕರೆದುಕೊಂಡು ಹೋಗು ಅಂತೀರಲ್ಲ, ಸ್ವಲ್ಪ ಯೋಚನೆ ಮಾಡಿ. ನೆಲ ಎಲ್ಲಾ ಐಸ್ ನೀರು, ಜಾರುತ್ತದೆ. ಮಂಡಿ ನೋವಿದ್ದವರು ಬಿದ್ದರೆ ಯಾರು ಹೊಣೆ? ನನಗೂ ಮಂಡಿ ಆಪರೇಷನ್ ಆಗಿದೆ, ಅದಕ್ಕೇ ಹೇಳುತ್ತಿದ್ದೇನೆ.

ದಕ್ಕೆ ಬದಿ
ಅಕ್ಕಾ, ಜಾರುತ್ತದೆ ಅನ್ನುವುದು ನಿಜ, ಅದನ್ನು ಒಪ್ಪುತ್ತೇನೆ. ವಾಸನೆ ಮಾತ್ರ ಬೇರೆ ಮಾತು. ಇಲ್ಲಿ ಸಾವಿರಾರು ಮನೆಗಳ ಅನ್ನ ಅದರಿಂದಲೇ. ಮೀನು ತಿನ್ನದವರೂ ಬಂದು ನೋಡುತ್ತಾರೆ. ತಿನ್ನಲು ಕರೆದದ್ದಲ್ಲ, ದುಡಿಮೆ ನೋಡಲು ಕರೆದದ್ದು. ಒಳಗೆ ಬೇಡ ಅಂದರೆ ಹೊರಗಿನ ದಾರಿಯಲ್ಲಿ ನಿಂತರೂ ಬೋಟು ಕಾಣುತ್ತದೆ. ಐಸ್ ಗಡ್ಡೆಯನ್ನು ಯಂತ್ರಕ್ಕೆ ಹಾಕಿ ಪುಡಿ ಮಾಡಿ ಬೋಟಿನ ಹೊಟ್ಟೆಗೆ ಸುರಿಯುವುದು ನೋಡಿ. ಒಂದು ಬೋಟು ಎಂಟು ಹತ್ತು ದಿನಕ್ಕೆ ಹೊರಟರೆ ಐಸು, ಡೀಸೆಲ್, ಅಕ್ಕಿ, ತರಕಾರಿ, ಕುಡಿಯುವ ನೀರು ಎಲ್ಲಾ ಇಲ್ಲಿಂದಲೇ ತುಂಬಿಸಬೇಕು.

ಹಾಸನದ ಅಕ್ಕ
ದುಡಿಮೆ ಅಂದಿರಲ್ಲ, ಆ ಮಾತಿಗೆ ನಾನು ಎದುರು ಹೇಳುವುದಿಲ್ಲ. ಅಮ್ಮನನ್ನೇ ಕೇಳಲಿ. ಆದರೆ ಚಪ್ಪಲಿ ಮಾತ್ರ ಹಿಡಿತ ಇರುವಂಥದ್ದು ಹಾಕಿಸಿ.

ಗಡ್‌ಬಡ್ ಗ್ಲಾಸು
ಐಸ್ ಅಂದ ಕೂಡಲೇ ಹೇಳುತ್ತೇನೆ, ಐಡಿಯಲ್‌ನಲ್ಲಿ ಗಡ್‌ಬಡ್ ತಿನ್ನದೆ ಬರಬೇಡಿ. 1975ರಲ್ಲಿ ಮಾರ್ಕೆಟ್ ರೋಡಿನಲ್ಲಿ ಶುರುವಾದ ಅಂಗಡಿ. ಉದ್ದ ಗ್ಲಾಸು, ಉದ್ದ ಚಮಚ. ಕೆಳಗೆ ಜೆಲ್ಲಿ, ಹಣ್ಣು, ಮೇಲೆ ಬಗೆಬಗೆ ಐಸ್‌ಕ್ರೀಮ್, ನಡುವೆ ಗೋಡಂಬಿ ದ್ರಾಕ್ಷಿ. ಗಡ್‌ಬಡ್ ಹುಟ್ಟಿದ ಊರಲ್ಲೇ ತಿನ್ನಬೇಕು.

ಉಡುಪಿ ಮಲ್ಲಿಗೆ
ನಿಲ್ಲಿ. ಗಡ್‌ಬಡ್ ಹುಟ್ಟಿದ್ದು ಉಡುಪಿಯಲ್ಲಿ. ನಮ್ಮ ಡಯಾನಾ ಹೋಟೆಲಿನವರು ಮೊದಲಿಂದ ಹೇಳಿಕೊಂಡು ಬಂದಿದ್ದಾರೆ.

ಗಡ್‌ಬಡ್ ಗ್ಲಾಸು
ಹೇಳಿಕೊಂಡು ಬಂದಿದ್ದಾರೆ ಸರಿ. ಆದರೆ ಊರೂರಿಗೆ ಗಡ್‌ಬಡ್ ಅಂದರೆ ಏನು ಅಂತ ಗೊತ್ತಾದದ್ದು ಮಂಗಳೂರಿನಿಂದ ಅಲ್ವಾ?

ಉಡುಪಿ ಮಲ್ಲಿಗೆ
ಮಸಾಲೆ ದೋಸೆ ಬೆಂಗಳೂರಲ್ಲಿ ಜಾಸ್ತಿ ಮಾರಾಟ ಆಗುತ್ತದೆ ಅಂತ ಅದು ಬೆಂಗಳೂರಿನದು ಆಗುತ್ತದಾ? ಮಾರಾಟ ಬೇರೆ, ಹುಟ್ಟು ಬೇರೆ.

ಕುಡ್ಲದ ಹುಡುಗಿ
ಇಬ್ಬರೂ ದಯವಿಟ್ಟು ಬೇರೆ ಚರ್ಚೆ ತೆರೆಯಿರಿ. ಉಡುಪಿಯವರೇ, ನಿಮ್ಮ ಹೆಸರು ನೋಡಿ ನೆನಪಾಯಿತು, ಅಮ್ಮನಿಗೆ ಮಲ್ಲಿಗೆ ತೆಗೆದುಕೊಡಲು ಹೇಳಬೇಕು. ಇಲ್ಲಿ ಮೊಳದ ಲೆಕ್ಕ ಅಲ್ಲ. ಚೆಂಡು, ಅಟ್ಟೆ ಅಂತ ಲೆಕ್ಕ. ನಾಲ್ಕು ಚೆಂಡಿಗೆ ಒಂದು ಅಟ್ಟೆ. ಬಾಳೆ ಎಲೆಯಲ್ಲಿ ಸುತ್ತಿ ಕೊಡುತ್ತಾರೆ.

ಉಡುಪಿ ಮಲ್ಲಿಗೆ
ಅದನ್ನಾದರೂ ಉಡುಪಿಯದು ಅಂತ ಒಪ್ಪಿದಿರಲ್ಲ. ಶಂಕರಪುರದ ಮಲ್ಲಿಗೆ ಅದು. ಬೆಲೆ ದಿನಾ ಬದಲಾಗುತ್ತದೆ, ಮದುವೆ ಸೀಸನ್ ಆದರೆ ಜಾಸ್ತಿ. ತುಂಬು ಮೊಗ್ಗು ನೋಡಿ ತೆಗೆದುಕೊಳ್ಳಿ, ಸಂಜೆಗೆ ಅರಳುತ್ತದೆ.

ಮಸ್ಕತ್ ಮನೆ
ನಾನು ಹುಟ್ಟಿದ್ದು ಕುದ್ರೋಳಿ ಹತ್ತಿರ, ಈಗ ಹದಿನಾಲ್ಕು ವರ್ಷದಿಂದ ಮಸ್ಕತ್‌ನಲ್ಲಿ ಇದ್ದೇನೆ. ಇಲ್ಲೂ ಬಂದರು ಇದೆ, ಬಿಸಿಲು ಇದೆ, ಕಡಲ ಬದಿಯಲ್ಲಿ ಒಳ್ಳೆಯ ದಾರಿ ಇದೆ. ಆದರೆ ಬೆಂಗ್ರೆಗೆ ದೋಣಿಯಲ್ಲಿ ಹೋಗುವ ಸುಖ ಬೇರೆ. ಮಕ್ಕಳು ಶಾಲೆ ಬ್ಯಾಗ್ ಹಾಕಿಕೊಂಡು ಬರುತ್ತಾರೆ, ಹೆಂಗಸರು ತರಕಾರಿ ಚೀಲ ಹಿಡಿದು ಬರುತ್ತಾರೆ. ಅದು ಅವರ ಬಸ್ಸು ಇದ್ದ ಹಾಗೆ. ಬೆಂಗ್ರೆ ಅಂದರೆ ಒಂದು ಉದ್ದದ ಮರಳಿನ ದಿಬ್ಬ. ಒಂದು ಬದಿ ಫಲ್ಗುಣಿ, ಇನ್ನೊಂದು ಬದಿ ಅರಬ್ಬಿ ಸಮುದ್ರ. ಐದು ಹತ್ತು ನಿಮಿಷ ನಡೆದರೆ ಸಿಹಿ ನೀರಿನ ಬದಿಯಿಂದ ಉಪ್ಪು ನೀರಿನ ಬದಿಗೆ ಹೋಗಿರುತ್ತೀರಿ. ನನ್ನ ಅಜ್ಜಿ ಹಾಗೇ ಹೇಳುತ್ತಿದ್ದರು.

ದಕ್ಕೆ ಬದಿ
ಅಣ್ಣಾ, ನಿಮ್ಮ ಅಜ್ಜಿ ಹೇಳಿದ್ದು ಮಳೆಗಾಲಕ್ಕೆ ಸರಿ. ಬೇಸಗೆಯಲ್ಲಿ ಆ ಭಾಗದ ಹೊಳೆಗೂ ಉಬ್ಬರದ ಉಪ್ಪು ನೀರೇ ಬರುತ್ತದೆ. ಆದರೆ ಎರಡು ನೀರಿನ ಬಣ್ಣ ಬೇರೆ ಕಾಣುವುದು ನಿಜ. ಅಳಿವೆ ಬಾಗಿಲಿನಲ್ಲಿ ನೇತ್ರಾವತಿಯೂ ಫಲ್ಗುಣಿಯೂ ಸೇರಿ ಕಡಲಿಗೆ ಬೀಳುತ್ತವೆ. ನಮ್ಮ ಬೋಟೆಲ್ಲ ಆ ಬಾಗಿಲಿನಿಂದಲೇ ಒಳಗೆ ಹೊರಗೆ ಹೋಗಬೇಕು.

ಮಸ್ಕತ್ ಮನೆ
ಹೌದು ಹೌದು, ಅದು ಸರಿ. ಉಬ್ಬರದ ವಿಷಯ ಮರೆತಿದ್ದೆ.

ಹಾಸನದ ಅಕ್ಕ
ದೋಣಿ ಹತ್ತುವುದು ಇಳಿಯುವುದು ಹೇಗೆ? ಅದನ್ನು ಯಾರೂ ಹೇಳಲಿಲ್ಲ.

ಕುಡ್ಲದ ಹುಡುಗಿ
ಒಳ್ಳೆ ಪ್ರಶ್ನೆ ಅಕ್ಕ. ನೀರಿನ ಮಟ್ಟ ನೋಡಿ ಒಮ್ಮೊಮ್ಮೆ ಒಂದು ಹೆಜ್ಜೆ ಕೆಳಗೆ ಇಳಿಯಬೇಕಾಗುತ್ತದೆ. ದೋಣಿಯವರು ಕೈ ಹಿಡಿದುಕೊಳ್ಳುತ್ತಾರೆ. ಕೊನೆಗೆ ಹತ್ತಿ, ಕೊನೆಗೆ ಇಳಿಯಿರಿ, ನೂಕಾಟ ಇರುವುದಿಲ್ಲ. ಸುಲ್ತಾನ್ ಬತ್ತೇರಿಯಿಂದ ತಣ್ಣೀರುಬಾವಿಗೂ ದೋಣಿ ಇದೆ, ಪ್ರವಾಸಿಗರು ಜಾಸ್ತಿ ಹೋಗುವುದು ಅದರಲ್ಲಿ. ಎರಡಕ್ಕೂ ಚಿಲ್ಲರೆ ಇಟ್ಟುಕೊಳ್ಳಿ.

ಓದುಗಪ್ಪ
ಬತ್ತೇರಿಯಿಂದಲೇ ಹತ್ತಿ. ಹಾಗಾದರೂ ಆ ಕೋಟೆ ನೋಡಿದಂತಾಗುತ್ತದೆ. 1784ರಲ್ಲಿ ಟಿಪ್ಪು ಕಟ್ಟಿಸಿದ ಕಾವಲು ಗೋಪುರ, ಕಪ್ಪು ಕಲ್ಲಿನದು. ಶತ್ರು ಹಡಗು ಹೊಳೆಯೊಳಗೆ ನುಗ್ಗದಂತೆ ಕಾಯಲು ಕಟ್ಟಿದ್ದು. ಸುತ್ತಲೂ ಗುಂಡು ಹಾರಿಸಲು ಕಿಂಡಿಗಳು, ಕೆಳಗೆ ಮದ್ದು ಇಡುವ ಜಾಗ. ಮೇಲಕ್ಕೆ ಮೆಟ್ಟಿಲು ಕಡಿದು, ಅಮ್ಮ ಹತ್ತುವುದು ಬೇಡ. ಕೆಳಗೆ ನಿಂತರೂ ಅಷ್ಟು ಪುಟ್ಟ ಕಟ್ಟಡ ಒಂದು ಇಡೀ ಹೊಳೆ ಬಾಯಿ ಕಾಯುತ್ತಿತ್ತು ಅನ್ನುವುದು ಅರ್ಥ ಆಗುತ್ತದೆ.

ಬಂದರು ಅಂದರೆ ಬರೀ ಮೀನು, ಹೆಂಚು ಅಲ್ಲ ಅನ್ನುವುದನ್ನೂ ಹೇಳಬೇಕು. 12ನೇ ಶತಮಾನದಲ್ಲೇ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿ ಇಲ್ಲಿ ಹಲವು ವರ್ಷ ಮನೆ ಮಾಡಿಕೊಂಡಿದ್ದ. ಅವನ ಪತ್ರಗಳು ಈಜಿಪ್ಟಿನ ಕೈರೋದ ಒಂದು ಹಳೆ ಯಹೂದಿ ಪ್ರಾರ್ಥನಾ ಮಂದಿರದಲ್ಲಿ ಸಿಕ್ಕಿವೆ. ಅದರಲ್ಲಿ ಬೊಮ್ಮ ಅನ್ನುವ ನಮ್ಮ ಕಡೆಯ ಆಳಿನ ಹೆಸರು ಬರುತ್ತದೆ. 14ನೇ ಶತಮಾನದಲ್ಲಿ ಮೊರೊಕ್ಕೊದ ಪ್ರವಾಸಿ ಇಬ್ನ್ ಬತೂತ ಬಂದು ಹೋದ. ಬಂದರಿನ ಝೀನತ್ ಬಕ್ಷ್ ಮಸೀದಿಯ ಒಳಗೆ ಕೆತ್ತನೆ ಮಾಡಿದ ತೇಗದ ಕಂಬಗಳಿವೆ. ರೊಸಾರಿಯೋ ಇಗರ್ಜಿ (ಚರ್ಚು) 1568ರಲ್ಲಿ ಶುರುವಾದದ್ದು. ಎಲ್ಲಾ ಒಂದೇ ಮಗ್ಗುಲಿನಲ್ಲಿ.

ಬೈಕ್ ಸವಾರ
ಬೊಮ್ಮನ ವಿಷಯ ಗೊತ್ತೇ ಇರಲಿಲ್ಲ. ನಾನು ಆ ದಾರಿಯಲ್ಲಿ ಬೈಕ್‌ನಲ್ಲಿ ನಾಲ್ಕು ಸಲ ಹೋಗಿದ್ದೇನೆ, ಒಂದು ಸಲವೂ ನಿಲ್ಲಿಸಿಲ್ಲ. ಇನ್ನೊಮ್ಮೆ ನಡೆದೇ ಹೋಗುತ್ತೇನೆ.

ಮಸ್ಕತ್ ಮನೆ
ನಮ್ಮ ಕುದ್ರೋಳಿ ದೇವಸ್ಥಾನ ಬಿಟ್ಟೇಬಿಟ್ಟಿರಾ? 1912ರಲ್ಲಿ ನಾರಾಯಣ ಗುರುಗಳು ಬಂದು ಪ್ರತಿಷ್ಠೆ ಮಾಡಿದ್ದು. ಬೇರೆ ದೇವಸ್ಥಾನದೊಳಗೆ ಕಾಲಿಡಲು ಬಿಡದ ಕಾಲದಲ್ಲಿ ನಮ್ಮ ಹಿರಿಯರು ಗುರುಗಳನ್ನು ಕೇರಳದಿಂದ ಕರೆಸಿ ಕಟ್ಟಿಕೊಂಡ ಗುಡಿ. 2013ರಲ್ಲಿ ಅಲ್ಲಿ ವಿಧವೆಯರನ್ನು ಅರ್ಚಕರನ್ನಾಗಿ ಮಾಡಿದರು. ನನ್ನ ದೊಡ್ಡಮ್ಮ ಗಂಡ ತೀರಿಕೊಂಡ ಮೇಲೆ ಹೂ ಮುಡಿದಿರಲಿಲ್ಲ, ಆ ವರ್ಷದ ದಸರಾಕ್ಕೆ ಅಲ್ಲಿ ಹೋಗಿ ಹೂ ಮುಡಿದು ಬಂದರು. ಫೋನ್ ಮಾಡಿ ಹೇಳಿದಾಗ ನಾನು ಇಲ್ಲಿ ಅತ್ತುಬಿಟ್ಟೆ. ಅಂಗಳ ದೊಡ್ಡದು, ಸಮತಟ್ಟು, ಕೂರಲು ಬೇಕಾದಷ್ಟು ಜಾಗ. ಬತ್ತೇರಿಯಿಂದ ದೂರವೂ ಇಲ್ಲ.

ಹಾಸನದ ಅಕ್ಕ
ಈ ಮಾತು ಓದಿ ನನಗೂ ಗಂಟಲು ಕಟ್ಟಿತು. ನಾನೇ ಹೋಗಿ ಬರುತ್ತೇನೆ ಈ ವರ್ಷ.

ತೆಂಗಿನ ತೋಟ
ಅಮ್ಮನೂ ಈಗ ಒಬ್ಬರೇ. ಕುದ್ರೋಳಿ ಸೇರಿಸಿದೆ. ಬೀಚ್ ಯಾವುದು? ಪಣಂಬೂರಾ, ತಣ್ಣೀರುಬಾವಿನಾ?

ಗಡ್‌ಬಡ್ ಗ್ಲಾಸು
ಪಣಂಬೂರು. ಹೊಸ ಬಂದರು ಪಕ್ಕದಲ್ಲೇ, ದೊಡ್ಡ ಹಡಗುಗಳು ಸರದಿಗಾಗಿ ಹೊರಗೆ ನಿಂತಿರುವುದು ಕಾಣುತ್ತದೆ. ಮೊದಲ ಸಲ ಹಡಗು ನೋಡುವವರಿಗೆ ಅದೇ ಚೆಂದ.

ಕುಡ್ಲದ ಹುಡುಗಿ
ತಣ್ಣೀರುಬಾವಿ. ದೋಣಿ ಇಳಿದು ನಡೆದೇ ಹೋಗಬಹುದು, ಗಾಳಿ ಮರದ ನೆರಳು ಇದೆ. ಪಣಂಬೂರಿಗೆ ಹೋಗಲು ಬಸ್ಸು, ಆಟೋ ಅಂತ ಮತ್ತೆ ಅರ್ಧ ಗಂಟೆ. ಜನವೂ ಜಾಸ್ತಿ. ಹಡಗು ತಣ್ಣೀರುಬಾವಿಯಿಂದಲೂ ಕಾಣುತ್ತದೆ. ಎಲ್ಲಿ ಹೋದರೂ ನೀರಿಗೆ ಪಾದ ಮುಳುಗುವಷ್ಟೇ ಇಳಿಯಿರಿ, ನಮ್ಮ ಕಡಲು ದಡದಲ್ಲೇ ಸೆಳೆಯುತ್ತದೆ. ಒಣ ಮರಳಲ್ಲಿ ನಡೆದರೆ ಮಂಡಿಗೆ ಕಷ್ಟ, ಒದ್ದೆ ಮರಳು ಗಟ್ಟಿ ಇರುತ್ತದೆ, ಅಲ್ಲಿ ನಡೆಸಿ.

ಧಾರವಾಡದ ಫೇಡೆ
ಊಟದ ವಿಷಯ ಯಾರಾದರೂ ಹೇಳಿ. ಮಂಗಳೂರು ಅಂದರೆ ಎಲ್ಲಾ ಕೋರಿ ರೊಟ್ಟಿ, ಕಾಣೆ ಫ್ರೈ ಅಂತಾರೆ. ಸಸ್ಯಾಹಾರಿಗಳಿಗೆ?

ಕುಡ್ಲದ ಹುಡುಗಿ
ಬೆಳಗ್ಗೆ ಬನ್ಸ್. ಮಾಗಿದ ಬಾಳೆಹಣ್ಣು, ಮೈದಾ, ಮೊಸರು, ಸ್ವಲ್ಪ ಜೀರಿಗೆ, ರಾತ್ರಿಯೇ ಕಲಸಿಟ್ಟ ಹಿಟ್ಟು. ಹಂಪನಕಟ್ಟೆ ಸುತ್ತ ಹಳೆ ಹೋಟೆಲ್‌ಗಳಲ್ಲಿ ಬಿಸಿ ಬಿಸಿ ಸಿಗುತ್ತದೆ. ಎಂಟು ಗಂಟೆ ಒಳಗೆ ಹೋಗಿ. ನೀರು ದೋಸೆ ಇದೆ, ಮೂಡೆ ಇದೆ, ಸಿಕ್ಕಿದರೆ ಪತ್ರೊಡೆ ಬಿಡಬೇಡಿ. ಸಂಜೆ ಗೋಳಿಬಜೆ, ಕಾಯಿ ಚಟ್ನಿ. ಮಧ್ಯಾಹ್ನ ಕುಚ್ಚಲಕ್ಕಿ ಊಟ ಕೇಳಿ ತಿನ್ನಿ, ಬೇಡ ಅಂದರೆ ಬೆಳ್ತಿಗೆ (ಬಿಳಿ ಅಕ್ಕಿ) ಅನ್ನವೂ ಇರುತ್ತದೆ.

ಓದುಗಪ್ಪ
ಅಮ್ಮ ಟೀಚರ್ ಅಂದಿದ್ದಕ್ಕೆ ಇನ್ನೊಂದು ಮಾತು. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಹೊರಟದ್ದು ಇದೇ ಊರಿಂದ, 1843ರ ಜುಲೈ 1ರಂದು. ಹರ್ಮನ್ ಮೊಗ್ಲಿಂಗ್ ತಂದದ್ದು. ಕಿಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಅಚ್ಚಾದದ್ದೂ ಇಲ್ಲಿಯ ಬಾಸೆಲ್ ಮಿಷನ್ ಪ್ರೆಸ್‌ನಲ್ಲಿ. ನಿಮ್ಮ ಮನೆ ಮೇಲಿನ ಹೆಂಚೂ, ಆ ನಿಘಂಟೂ ಒಂದೇ ಮನೆಯವು.

ಚಾಪೆಲ್‌ಗೆ ಹೋದಾಗ ತಲೆ ಎತ್ತಿ ನೋಡುತ್ತಾ ನಿಲ್ಲಬೇಡಿ, ಕತ್ತು ನೋಯುತ್ತದೆ. ಬೆಂಚ್ ಮೇಲೆ ಕೂತು ನೋಡಿ. ಇಟಲಿಯ ಬ್ರದರ್ ಅಂಟೋನಿಯೊ ಮೊಸ್ಕೇನಿ 1899ರಿಂದ ಸುಮಾರು ಎರಡು ವರ್ಷ ಬರೆದದ್ದು. ಹಸಿ ಗಾರೆ ಆರುವ ಮುಂಚೆಯೇ ಅದರ ಮೇಲೆ ಬಣ್ಣ ಹಾಕಿ ಮುಗಿಸಬೇಕು, ಅದು ಫ್ರೆಸ್ಕೊ. ಕಂಬದ ಉಬ್ಬು ಕೆತ್ತನೆ ಅಂತ ಅನ್ನಿಸುವುದು ಎಷ್ಟೋ ಕಡೆ ಬರೀ ಬಣ್ಣ. ಒಳಗೆ ಫೋಟೋ ತೆಗೆಯುವ ಹಾಗಿಲ್ಲ. ಮೇಲೇ ಇರುವ ಬಾವುಟಗುಡ್ಡೆ ಕಾರಿನಲ್ಲಿ ಹೋಗುವಾಗಲೇ ಸಿಗುತ್ತದೆ. 1837ರಲ್ಲಿ ಕೆದಂಬಾಡಿ ರಾಮಯ್ಯ ಗೌಡರ ಜೊತೆಗಿದ್ದ ರೈತರು ಬ್ರಿಟಿಷರನ್ನು ಓಡಿಸಿ ಬಾವುಟ ಹಾರಿಸಿ 13 ದಿನ ಆಳಿದ ಗುಡ್ಡೆ ಅದು. ಈಗ ಅವರ ಪ್ರತಿಮೆ ಇದೆ.

ಬೈಕ್ ಸವಾರ
ನೋಡಿ, ಈಗ ಪಟ್ಟಿ ನಾನು ಕೊಟ್ಟಷ್ಟೇ ಉದ್ದ ಆಯಿತು.

ಕುಡ್ಲದ ಹುಡುಗಿ
ಎಲ್ಲಾ ನಾಲ್ಕೈದು ಕಿಲೋಮೀಟರ್ ಒಳಗಿನದು. ಬೇಡ ಅನ್ನಿಸಿದ್ದನ್ನು ಬಿಟ್ಟು ಕೂರಬಹುದು. ಅದೇ ವ್ಯತ್ಯಾಸ.

ತೆಂಗಿನ ತೋಟ
ಹೋಗಿ ಬಂದೆವು! ನಿನ್ನೆ ಬೆಳಗ್ಗೆ ಊರು ಸೇರಿದೆವು. ಎಲ್ಲರಿಗೂ ಹೇಳಲೇಬೇಕು ಅಂತ ಕೂತು ಬರೆಯುತ್ತಿದ್ದೇನೆ.

ಕದ್ರಿ ಬೆಳಗ್ಗೆ ಏಳಕ್ಕೆ ಮುಗಿಯಿತು. ಲೋಕೇಶ್ವರನ ಮುಂದೆ ಅಮ್ಮ ತುಂಬಾ ಹೊತ್ತು ನಿಂತರು. ಬನ್ಸ್ ಎರಡು ತಿಂದರು, ಮೂರನೆಯದು ಪೊಟ್ಟಣ ಕಟ್ಟಿಸಿದರು. ದಕ್ಕೆಗೆ ಬೇಡ ಅಂತ ನಾನೇ ಅಂದುಕೊಂಡಿದ್ದೆ. ಆದರೆ ಬಂದರಿಗೆ ಹೋದಾಗ ಅಮ್ಮನೇ 'ಆ ಐಸ್ ಸುರಿಯುವುದು ತೋರಿಸು' ಅಂದರು. ಹೊರಗಿನ ದಾರಿಯಲ್ಲಿ ನಿಂತೆವು. ಒಬ್ಬ ಹುಡುಗ ದೊಡ್ಡ ಐಸ್ ಗಡ್ಡೆಯನ್ನು ಕೊಕ್ಕೆ ಹಾಕಿ ಎಳೆದು ಯಂತ್ರಕ್ಕೆ ತಳ್ಳಿದ. ಕರಕರ ಅಂತ ಪುಡಿಯಾಗಿ ಬೋಟಿನ ಒಳಗೆ ಬಿತ್ತು. ಅಮ್ಮ ಅವನನ್ನು ಎಷ್ಟನೇ ಕ್ಲಾಸ್ ಓದಿದ್ದೀಯ ಅಂತ ಕೇಳಿದರು. ಪಿಯುಸಿ ಅಂದ. 'ಮುಂದೆ ಓದಪ್ಪಾ' ಅಂದರು. ರಜೆಗೆ ಬಂದು ದುಡಿಯುತ್ತಿದ್ದೇನೆ, ಕಾಲೇಜಿಗೆ ಹೋಗುತ್ತೇನೆ ಟೀಚರೇ ಅಂದ. ಇವರು ಟೀಚರ್ ಅಂತ ಅವನಿಗೆ ಹೇಗೆ ಗೊತ್ತಾಯಿತೋ.

ಹೆಂಚಿನ ಮಾಡು ಸಾರ್, ಇದು ನಿಮಗೆ. ಹಳೆ ಬಂದರಿನಲ್ಲಿ ಮಂಜಿಗೆ ಸಾಮಾನು ತುಂಬಿಸುತ್ತಿದ್ದರು. ಲಕ್ಷದ್ವೀಪಕ್ಕೆ ಹೋಗುವ ಮರದ ದೊಡ್ಡ ದೋಣಿಗೆ ಮಂಜಿ ಅಂತಾರೆ ಅಂತ ಅಲ್ಲೇ ಗೊತ್ತಾದದ್ದು. ಸಿಮೆಂಟ್ ಮೂಟೆ, ಈರುಳ್ಳಿ ಚೀಲ. ಪಕ್ಕದ ಗೋದಾಮಿನ ಗೋಡೆಗೆ ಹಳೆ ಹೆಂಚು ಪೇರಿಸಿ ಇಟ್ಟಿದ್ದರು. ಅಮ್ಮ ಅಲ್ಲೇ ನಿಂತಿದ್ದು ನೋಡಿ ಮೂಟೆ ಹೊರುತ್ತಿದ್ದ ಹಿರಿಯರೊಬ್ಬರು ಒಂದು ಹೆಂಚು ತೆಗೆದು ಮಗುಚಿ ಕೊಟ್ಟರು. ಪಾಚಿ ಕಟ್ಟಿತ್ತು. ಅಮ್ಮ ಸೆರಗಿನಿಂದ ಉಜ್ಜಿದರು. ಮೊದಲ ಎರಡು ಅಕ್ಷರ ಸವೆದು ಹೋಗಿತ್ತು, ಮಿಷನ್ ಅನ್ನುವುದು ಪೂರ್ತಿ ಇತ್ತು. ಬೇಕಿದ್ದರೆ ಒಯ್ಯಿರಿ ಅಂದರು ಅವರು. ಅಮ್ಮ ಬೇಡ ಅಂದು ಅದನ್ನು ಮತ್ತೆ ಅದೇ ಜಾಗದಲ್ಲಿ ಇಟ್ಟು, ಸುಮ್ನೆ ಒಮ್ಮೆ ತಟ್ಟಿ ನೋಡಿದರು. ಠಣ್ ಅಂತು. 'ಇನ್ನೂ ಗಟ್ಟಿ ಇದೆ' ಅಂದರು.

ಚಾಪೆಲ್‌ನಲ್ಲಿ ಮುಕ್ಕಾಲು ಗಂಟೆ ಕೂತೆವು. ಮಧ್ಯಾಹ್ನ ಮಲಗಿದೆವು. ಕುದ್ರೋಳಿಗೆ ಮೂರೂವರೆಗೆ ಹೋದೆವು. ಮಸ್ಕತ್ ಅಣ್ಣಾ, ಅಲ್ಲಿ ಹೊರಗೆ ಹೂವಿನವರ ಹತ್ತಿರ ಒಂದು ಚೆಂಡು ಮಲ್ಲಿಗೆ ಅಮ್ಮನೇ ತೆಗೆದುಕೊಂಡರು. ದೇವರಿಗೆ ಅರ್ಧ ಕೊಟ್ಟು, ಉಳಿದದ್ದನ್ನು ಮುಡಿದರು. ನಾನು ಏನೂ ಕೇಳಲಿಲ್ಲ.

ಬತ್ತೇರಿಯಿಂದ ದೋಣಿ, ತಣ್ಣೀರುಬಾವಿ, ಒದ್ದೆ ಮರಳು. ಸೂರ್ಯ ಆರೂವರೆ ಹತ್ತಿರ ಇಳಿದ. ಮುಳುಗುವ ತನಕ ಅಮ್ಮ ಒಂದು ಮಾತೂ ಆಡಲಿಲ್ಲ. ಪಿಲಿಕುಳ, ಉಳ್ಳಾಲ, ಗಡ್‌ಬಡ್ ಯಾವುದೂ ಆಗಲಿಲ್ಲ.

ಗಡ್‌ಬಡ್ ಗ್ಲಾಸು
ಗಡ್‌ಬಡ್ ಬಿಟ್ಟಿದ್ದು ಬೇಜಾರಾಯಿತು. ಉಳಿದದ್ದೆಲ್ಲ ಓದಿ ತುಂಬಾ ಖುಷಿ ಆಯಿತು.

ಹೆಂಚಿನ ಮಾಡು
ಹೆಂಚು ತಟ್ಟಿ ನೋಡಿದರು ಅಂದಿರಲ್ಲ. ನನ್ನ ತಂದೆಯೂ ಹಾಗೇ ಮಾಡುತ್ತಿದ್ದರು. ಗೂಡಿನಿಂದ ತೆಗೆದ ಹೆಂಚು ಠಣ್ ಅಂದರೆ ಸರಿಯಾಗಿ ಬೆಂದಿದೆ, ದಪ್ ಅಂದರೆ ಒಳಗೆ ಬಿರುಕು ಇದೆ. ಅಮ್ಮನಿಗೆ ನನ್ನ ನಮಸ್ಕಾರ ಹೇಳಿ.

ಮಸ್ಕತ್ ಮನೆ
ಹೂವಿನ ಮಾತು ದೊಡ್ಡಮ್ಮನಿಗೆ ಫೋನ್ ಮಾಡಿ ಓದಿ ಹೇಳಿದೆ. ಅಮ್ಮನನ್ನು ಇನ್ನೊಮ್ಮೆ ಕರೆದುಕೊಂಡು ಬಂದರೆ ಮನೆಗೆ ಬರಲು ಹೇಳಿದ್ದಾರೆ.

ಹಾಸನದ ಅಕ್ಕ
ಬನ್ಸ್ ಹಿಟ್ಟಿಗೆ ಮೊಸರು ಎಷ್ಟು? ಒಂದು ದೊಡ್ಡ ಬಾಳೆಹಣ್ಣಿಗೆ?

ಕುಡ್ಲದ ಹುಡುಗಿ
ಎರಡು ಮೂರು ಚಮಚ ಸಾಕು ಅಕ್ಕ. ನೀರು ಹಾಕಬೇಡಿ, ಹಣ್ಣಿನಲ್ಲೇ ಕಲಸಿಕೊಳ್ಳುತ್ತದೆ. ಹಣ್ಣು ಸಿಪ್ಪೆ ಕಪ್ಪಾಗುವಷ್ಟು ಮಾಗಿರಲಿ.

ದಕ್ಕೆ ಬದಿ
ಮುಂದಿನ ಸಲ ಮಳೆಗಾಲ ಮುಗಿಯುವಾಗ ಬನ್ನಿ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಬೋಟಿಗೆ ಕಡಲು ಬಂದ್. ಆಮೇಲೆ ನೂಲ ಹುಣ್ಣಿಮೆಗೆ (ಶ್ರಾವಣ ಹುಣ್ಣಿಮೆ) ತಣ್ಣೀರುಬಾವಿಯಲ್ಲಿ ಸಮುದ್ರ ಪೂಜೆ. ಮೀನುಗಾರರೆಲ್ಲ ಸೇರಿ ಹಾಲು, ಹೂವು, ತೆಂಗಿನಕಾಯಿ ಕಡಲಿಗೆ ಬಿಡುತ್ತಾರೆ. ಅದನ್ನು ಅಮ್ಮ ನೋಡಬೇಕು.

ತೆಂಗಿನ ತೋಟ
ಓದಿ ಹೇಳಿದೆ. ಕ್ಯಾಲೆಂಡರ್ ತೆಗೆದು ಹುಣ್ಣಿಮೆ ಯಾವ ದಿನ ಅಂತ ನೋಡುತ್ತಿದ್ದಾರೆ. ಕಾಯಿ ನಮ್ಮ ತೋಟದ್ದೇ ತರುತ್ತಾರಂತೆ.